ದಡದುದ್ದದ ದಾರಿಯೂ ದಡಕ್ಕಿಳಿಯುವ ದಾರಿಯೂ

ಬಾಸ್ಟನ್ನಿನ ಆಲ್‌ಸ್ಟನ್ ಭಾಗದಲ್ಲಿ, ಚಾರ್ಲ್ಸ್ ನದಿಯ ದಕ್ಷಿಣದ ದಂಡೆಯ ಮೇಲೆ, ಮುಪ್ಪಡರಿದ ಹೆದ್ದಾರಿಯ ಮೇಲ್ಸೇತುವೆಯನ್ನು ಕೆಡವಿ, ಆ ಹೆದ್ದಾರಿಯ ಬಾಗನ್ನು ತಿದ್ದಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಆವರಣಕ್ಕೆ ನೆಲ ತೆರವಾಗುವಂತೆ ಮ್ಯಾಸಚೂಸೆಟ್ಸ್ ರಾಜ್ಯದ ಸಾರಿಗೆ ಇಲಾಖೆ ಹೂಡಿರುವ ಯೋಜನೆಯನ್ನು, ನಗರಕ್ಕೆ ನದಿಯನ್ನು ಮರಳಿ ಕೊಡುವ ಮಹಾಕಾರ್ಯವೆಂದು ಕೊಂಡಾಡುವವರು ಬಹುಮಂದಿ. ಈ ಕೀರ್ತಿ ಯೋಜನೆಯ ಯೋಗ್ಯತೆಯನ್ನು ಬಹುವಾಗಿ ಮೀರಿದುದು. ವಿಶ್ವವಿದ್ಯಾಲಯವು 1989ರಿಂದ ಆಲ್‌ಸ್ಟನ್ನಿನಲ್ಲಿ ಗುಟ್ಟಾಗಿ 52 ಎಕರೆಗಳನ್ನು ಕೊಂಡು 1997ರಲ್ಲಿ ಅದನ್ನು ಪ್ರಕಟಪಡಿಸಿದ ಬಗೆ, ಅನಂತರ ಅಲ್ಲಿಯ ರೈಲ್ವೆ ಯಾರ್ಡಿನ ನೆಲವೂ ಅದರ ಕೈಸೇರಿದ ಬಗೆ, ಇವೆಲ್ಲ ಈ ವಿಷಯದಲ್ಲಿ ಆಸಕ್ತರಾದ ವಾಚಕರಿಗೆ ವಿದಿತವೇ ಆಗಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಯೋಜನೆಯ ಮರ್ಮವಿರುವುದು ಎಂಜಿನಿಯರುಗಳು ‘ಗಂಟಲು’ ಎಂದು ಕರೆಯುವ ಎಡೆಯಲ್ಲಿ. ಒಂದು ಪಕ್ಕದಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಕಟ್ಟಡಗಳು, ಇನ್ನೊಂದು ಪಕ್ಕದಲ್ಲಿ ನದಿ. ನಡುವಣ ಇಕ್ಕಟ್ಟಿನಲ್ಲಿ ಎಂಟು ಲೇನುಗಳ ಹೆದ್ದಾರಿ, ವೂಸ್ಟರ್ ಮಾರ್ಗದ ಹಳಿಗಳು, ನಾಲ್ಕು ಲೇನುಗಳ ಸೋಲ್ಜರ್ಸ್ ಫೀಲ್ಡ್ ರಸ್ತೆ, ಕಟ್ಟಕಡೆಗೆ ನೀರಿನಂಚಿಗೆ ತಳ್ಳಲ್ಪಟ್ಟ, ಪಾಲ್ ಡಡ್ಲಿ ವೈಟ್ ಅವರ ಹೆಸರಿನ ಕಾಲುದಾರಿ. 2021ರಲ್ಲಿ ಇಲಾಖೆಯು ರಸ್ತೆಗಳೆರಡನ್ನೂ ನೆಲಮಟ್ಟದಲ್ಲಿ ಅಕ್ಕಪಕ್ಕವಾಗಿ ಹಾಯಿಸುವ ವಿನ್ಯಾಸವನ್ನು ಆಯ್ದುಕೊಂಡಿತು. ಅಷ್ಟೂ ಅಲ್ಲಿ ಹಿಡಿಸದಾದಾಗ ಯಾವುದು ಸರಿದುಕೊಟ್ಟಿತು ಎಂಬುದನ್ನು ನಕ್ಷೆಯಲ್ಲಿ ನೋಡಬೇಕು. ಹೆದ್ದಾರಿಯ ಎಂಟು ಲೇನುಗಳು ಎಂಟಾಗಿಯೇ ಉಳಿದುವು. ಲಾರಿಗಳಿಗೆ ಪ್ರವೇಶವೇ ಇಲ್ಲದ ನದೀತೀರದ ರಸ್ತೆಯ ನಾಲ್ಕೂ ನಾಲ್ಕಾಗಿಯೇ ಉಳಿದುವು. ಸರಿಯಬೇಕಾದುದು ಕಾಲುದಾರಿ, ಅದೂ ನೆಲವನ್ನೇ ಬಿಟ್ಟು, ನದಿಯೊಳಗೆ ಕಂಬಗಳನ್ನು ನೆಟ್ಟು ಕಟ್ಟುವ ಅಟ್ಟದ ಮೇಲಕ್ಕೆ. ವಾಹನಗಳ ಪ್ರಮಾಣವನ್ನು ಪ್ರಕೃತಿನಿಯಮದಂತೆ ಅಚಲವೆಂದು ಭಾವಿಸಿ, ಪ್ರಕೃತಿಯನ್ನು ಮಾತ್ರ ಹೊಂದಾಣಿಕೆಗೆ ಒಳಪಡತಕ್ಕ ವಸ್ತುವೆಂದು ಎಣಿಸಿರುವ ಈ ಬುದ್ಧಿಯೇ ಯೋಜನೆಯ ಆದಿದೋಷ.

ಈ ಬುದ್ಧಿ ಹೊಸದೇನೂ ಅಲ್ಲ. ಸೋಲ್ಜರ್ಸ್ ಫೀಲ್ಡ್ ರಸ್ತೆಯೇ ಮುಂದುವರಿದು ಸ್ಟಾರೋ ಡ್ರೈವ್ ಎನ್ನಿಸಿಕೊಳ್ಳುತ್ತದೆ. ಚಾರ್ಲ್ಸಿನ ಅಣೆಕಟ್ಟಿಗಾಗಿ ಶ್ರಮಿಸಿದ ಜೇಮ್ಸ್ ಸ್ಟಾರೋ ಅವರ ಪತ್ನಿ ಹೆಲೆನ್ ಸ್ಟಾರೋ, ತೀರದ ಉದ್ಯಾನಕ್ಕಾಗಿ ಹತ್ತು ಲಕ್ಷ ಡಾಲರುಗಳನ್ನು ಕೊಟ್ಟು, ಅಲ್ಲಿ ಹೆದ್ದಾರಿ ಹಾಯಿಸಕೂಡದೆಂದು ವಿರೋಧಿಸಿದ್ದರು. ಅವರು 1944ರಲ್ಲಿ ತೀರಿಕೊಂಡರು. 1951ರಲ್ಲಿ ಅದೇ ಉದ್ಯಾನದಲ್ಲಿ ತೆರೆದ ರಸ್ತೆಗೆ ಅದೇ ಮನೆತನದ ಹೆಸರನ್ನಿಡಲಾಯಿತು. ದಾನವನ್ನು ಸ್ವೀಕರಿಸಿ ದಾತೃವಿನ ಇಚ್ಛೆಯನ್ನು ಮೀರಿದವರ ಉತ್ತರಾಧಿಕಾರಿಗಳಿಂದ ಹೆಚ್ಚಿನದನ್ನು ನಿರೀಕ್ಷಿಸುವುದಾದರೂ ಹೇಗೆ?

ಇನ್ನು ಇತರ ವಿಮರ್ಶಕರ ವಿಚಾರ. ಮೇಲ್ಸೇತುವೆ ಬಿದ್ದೊಡನೆ ಊರೂ ನದಿಯೂ ಒಂದಾಗುವುವೆಂದು ಒಂದು ಪಂಗಡದವರ ವಾದ. ಕಣ್ಣಿಗೆ ಅಡ್ಡವಾದುದೂ ಕಾಲಿಗೆ ಅಡ್ಡವಾದುದೂ ಒಂದೇ ಅಲ್ಲವೆಂಬ ಅಲ್ಪ ವಿವೇಚನೆಯೂ ಇವರಿಗಿಲ್ಲ. ನೆಲಕ್ಕಿಳಿದ ಹನ್ನೆರಡು ಲೇನುಗಳ ಕೆಳಗೆ ನುಸುಳಿ ಹೋಗುವ ಅವಕಾಶವೂ ಇಲ್ಲ. ಅವುಗಳ ಮೇಲೆ ಹತ್ತಿ ಇಳಿಯುವ ಕಾಲುಸೇತುವೆಯೇ ಗತಿ. ಎರಡನೆಯ ಪಂಗಡದವರು ಕಾಮಗಾರಿಗಾಗಿ ನದಿಗೆ ಒಂದು ಹಿಡಿ ಮಣ್ಣೂ ಬೀಳಕೂಡದೆನ್ನುವ ಶುದ್ಧಿವಾದಿಗಳು. 1910ರ ಅಣೆಕಟ್ಟಿಗೆ ಮುನ್ನ ಈ ಚಾರ್ಲ್ಸ್ ಕಡಲಿನ ಉಬ್ಬರವಿಳಿತಕ್ಕೊಳಗಾದ ಕೆಸರುಬಯಲಾಗಿತ್ತು. ಇಂದಿನ ಅದರ ನಿಶ್ಚಲ ಜಲವೂ ದಂಡೆಯೂ ಮನುಷ್ಯನ ಕೈಕೆಲಸವೇ. ಆದುದರಿಂದ ಮಣ್ಣು ಬೀಳುವುದೋ ಇಲ್ಲವೋ ಎಂಬುದಕ್ಕಿಂತ, ಅದು ಯಾರಿಗಾಗಿ ಬೀಳುತ್ತದೆಂಬುದೇ ಕೇಳತಕ್ಕ ಪ್ರಶ್ನೆ. ತೀರವನ್ನು ಸರಿಪಡಿಸಿ ಜನರನ್ನು ನೀರಿಗಿಳಿಸುವ ಮಣ್ಣು ಬೇರೆ, ಮೋಟಾರುಗಳಿಗೆ ಜಾಗ ಉಳಿಸುವ ಮಣ್ಣು ಬೇರೆ. ಈ ಭೇದವನ್ನು ಕಾಣದೆ ಎರಡು ಪಂಗಡಗಳೂ ವರ್ಷಗಟ್ಟಲೆ ಕಾದಾಡಿದುದರಿಂದ ಲಾಭವಾದುದು ಲೇನುಗಳಿಗೆ.

ಯೋಜನೆಯಲ್ಲಿ ಗುಣಗಳಿಲ್ಲವೆಂದಲ್ಲ. ನದೀತೀರದ ರಸ್ತೆಯನ್ನು ಒಂದೆಡೆ ಹಿಂದಕ್ಕೆ ಸರಿಸಿ ಉದ್ಯಾನವನ್ನು ಅಗಲಿಸುವುದು ಸ್ತುತ್ಯ. ವೆಸ್ಟ್ ಸ್ಟೇಷನ್ ಎಂಬ ರೈಲುನಿಲ್ದಾಣವೂ ಸ್ತುತ್ಯವೇ, ಆದರೆ ಯೋಜನೆಯ 2017ರ ಕರಡು ವರದಿಯಲ್ಲಿ ಅದನ್ನು 2040ರವರೆಗೆ ಮುಂದೂಡಿದ್ದರೆಂಬುದೂ, ಜನರ ಪ್ರತಿಭಟನೆಯ ಮೇಲೆಯೇ ಅದು ಹತ್ತಿರ ಬಂದಿತೆಂಬುದೂ ನೆನಪಿರಬೇಕು.

ಮೇಲ್ಪಂಕ್ತಿ ಬೇಕಾದವರು ದೂರ ಹೋಗಬೇಕಾಗಿಲ್ಲ. 1927ರ ವೀಕ್ಸ್ ಕಾಲುಸೇತುವೆ ನದಿಯಾಚೆಯ ಕೇಂಬ್ರಿಜ್ಜಿನ ದಂಡೆಯನ್ನು ಈಚೆಯ ಹಾರ್ವರ್ಡ್ ವಾಣಿಜ್ಯಶಾಲೆಯ ಆವರಣಕ್ಕೆ ಜೋಡಿಸುತ್ತದೆ. ಹಾರ್ವರ್ಡಿನ ಹಬೆಯ ಕೊಳವೆಗಳನ್ನು ಒಡಲಲ್ಲಿ ಅಡಗಿಸಿಕೊಂಡು, ಮೈಮೇಲಿನ ದಾರಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟಿದೆ. ಸಂಸ್ಥೆಯ ಪ್ರಯೋಜನವೂ ಸಾರ್ವಜನಿಕರ ಹಿತವೂ ಒಂದೇ ಕಟ್ಟಡದಲ್ಲಿ ಕೂಡಬಲ್ಲವೆಂಬುದಕ್ಕೆ ಅದು ಸಾಕ್ಷಿ. ಹೊಸ ಯೋಜನೆ ದಡದ ಉದ್ದಕ್ಕೆ ಸಾಗುವವನಿಗೆ ಉದಾರವಾಗಿದೆ, ಮನೆಯಿಂದ ಹೊರಟು ದಡಕ್ಕೆ ಬರುವವನಿಗೆ ಕೃಪಣವಾಗಿದೆ. ನದೀತೀರದ ರಸ್ತೆಯಲ್ಲಿ ಎರಡು ಲೇನುಗಳನ್ನಾದರೂ ಇಳಿಸಲೊಪ್ಪುವವರೆಗೆ ಈ ಯೋಜನೆಯನ್ನು ಹೆದ್ದಾರಿಯ ದುರಸ್ತಿಯೆಂದು ಕರೆಯುವುದೇ ನ್ಯಾಯ.