ಡಿಸ್ಕಿಗೆ ಎರಡು ಅಳತೆ

ದೊಡ್ಡಬಳ್ಳಾಪುರದಲ್ಲಿ ಸೀರೆಗೆ ಡಿಸೈನ್ ಬರೆಯುವವರ ಹಾರ್ಡ್ ಡಿಸ್ಕು ನನ್ನಂಥವನಿಗೆ ಹಬ್ಬದೂಟ. ಎಲೆಕ್ಟ್ರಾನಿಕ್ ಜಕಾರ್ಡಿಗೆ ಕೊಡುವ ಡಿಸೈನು ಸಾಮಾನ್ಯವಾಗಿ ಬಿಎಂಪಿ ಚಿತ್ರ. ಒಂದು ಹುಕ್ಕಿಗೆ ಹೊಕ್ಕಿನ ಒಂದು ಎಳೆ ಎದುರಾಗುವ ಕಡೆ ಒಂದು ಚುಕ್ಕಿ. 2,688 ಹುಕ್ಕಿನ ಯಂತ್ರಕ್ಕೆ 10,000 ಎಳೆಯಷ್ಟು ಉದ್ದದ ಡಿಸೈನ್ ಬರೆದರೆ, ಚುಕ್ಕಿಗೊಂದು ಬೈಟಿನ ಲೆಕ್ಕದಲ್ಲಿ, ಸುಮಾರು 27 ಎಂಬಿ. ಬಳಸಿದ ಬಣ್ಣಗಳೋ ಬೆರಳೆಣಿಕೆಯವು. ಒಡಲಿನ ಬಯಲಲ್ಲಿ, ಬುಟ್ಟಾ ಬುಟ್ಟಾಗಳ ನಡುವೆ, ಒಂದೇ ಬೈಟು ಸಾಲುಗಟ್ಟಿ ನಿಂತಿರುತ್ತದೆ. ಹೀಗೆ ಹೇಳಿದ್ದನ್ನೇ ಹೇಳುವ ಕಡತ ಕುಗ್ಗಿಸಿದಷ್ಟೂ ಕುಗ್ಗುತ್ತದೆ.

ಕನ್ನಡ ಬರಹವೂ ಚೆನ್ನಾಗಿ ಕುಗ್ಗುವ ಜಾತಿಯದೇ. ಯುಟಿಎಫ್-8ರಲ್ಲಿ ನಮ್ಮ ವ್ಯಂಜನ, ಸ್ವರಚಿಹ್ನೆ ಪ್ರತಿಯೊಂದಕ್ಕೂ ಮೂರು ಬೈಟು. ಮೊದಲನೆಯದು ಎಲ್ಲದಕ್ಕೂ ಒಂದೇ. ಎರಡನೆಯದಕ್ಕೆ ಇರುವುದು ಎರಡೇ ರೂಪ. ಕನ್ನಡ ಇಂಗ್ಲಿಷಿನ ಮೂರು ಪಟ್ಟು ಜಾಗ ತಿನ್ನುತ್ತದೆ ಎನ್ನುವವರು ಅದೇ ಕಡತವನ್ನು ಒಮ್ಮೆ ಕುಗ್ಗಿಸಿ ನೋಡಿ ಆಮೇಲೆ ಮಾತಾಡಲಿ.

ಡಿಸೈನ್ ಸಾಫ್ಟ್‌ವೇರು ವಿಂಡೋಸಿನಲ್ಲೇ ಓಡಲಿ. ಕಡತಗಳ ಕಣಜಕ್ಕೆ ಮೂಲೆಯ ಹಳೆಯ ಪಿಸಿಯಲ್ಲಿ ಲಿನಕ್ಸ್ ಹಾಕಿ, ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆ ಇಟ್ಟರೆ ದುಡ್ಡೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ. 2009ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿದ ಈ ವ್ಯವಸ್ಥೆ ಬರೆಯುವಾಗ ಕುಗ್ಗಿಸಿ ಓದುವಾಗ ಹಿಗ್ಗಿಸುತ್ತದೆ. ಬಳಸುವವರಿಗೆ ಗೊತ್ತೇ ಆಗುವುದಿಲ್ಲ. 2017ರ ಕೊನೆಗೆ ಬಂದ 4.14 ಕರ್ನಲ್ಲಿನಿಂದ ಝೆಡ್‌ಎಸ್‌ಟಿಡಿ ಎಂಬ ಒಳ್ಳೆಯ ಕುಗ್ಗಿಸುವ ವಿಧಾನವೂ ಕೂಡಿಕೊಂಡಿತು. 2021ರ ಫೆಡೋರಾ 34 ಅದನ್ನು ಕೇಳದೆಯೇ ಚಾಲೂ ಮಾಡಿಕೊಡತೊಡಗಿತು.

ಫಜೀತಿ ಶುರುವಾಗುವುದು ಡಿಸ್ಕು ಬದಲಿಸುವ ದಿನ. ಹಳೆಯದರಲ್ಲಿ 310 ಜಿಬಿ ತುಂಬಿದೆ ಎಂದು ಡಿಸ್ಕಿನ ಜಾಗ ತೋರಿಸುವ ಡಿಎಫ್ ಆಜ್ಞೆ ಹೇಳುತ್ತದೆ ಅನ್ನಿ. 500 ಜಿಬಿಯ ಎಸ್‌ಎಸ್‌ಡಿ ತಂದು, ಕಡತ ನಕಲಿಸುವ ಆರ್‌ಸಿಂಕ್ ಹಚ್ಚಿ, ಊಟಕ್ಕೆ ಹೋಗಿ ಬರುವಷ್ಟರಲ್ಲಿ ‘ಜಾಗ ಉಳಿದಿಲ್ಲ’ ಎಂಬ ದೂರು ಪರದೆಯ ಮೇಲೆ. ಬೈಗುಳ ಬೀಳುವುದು ಎಸ್‌ಎಸ್‌ಡಿ ಮಾರಿದವನಿಗೆ. ಆದರೆ ಆರ್‌ಸಿಂಕ್ ಓದುವುದು ಹಿಗ್ಗಿದ ಕಡತವನ್ನು, ಬರೆಯುವುದೂ ಅದನ್ನೇ. ಹೊಸ ಡಿಸ್ಕನ್ನು ಮೌಂಟ್ ಮಾಡುವಾಗ ಕಂಪ್ರೆಸ್ ಆಯ್ಕೆ ಕೊಡದಿದ್ದರೆ ಅಲ್ಲಿ ಕುಗ್ಗಿಸುವವರು ಯಾರೂ ಇಲ್ಲ. ಡಿಎಫ್ ತೋರಿಸಿದ್ದು ಡಿಸ್ಕಿನ ಮೇಲಿನ ಅಳತೆ; ಅದೇ ಕಡತಗಳ ಮೇಲೆ ಡಿಯು ಓಡಿಸಿದ್ದರೆ ಹಿಗ್ಗಿದ ಅಳತೆ ಸಿಗುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡಲು ಕಾಂಪ್‌ಸೈಜ್ ಎಂಬ ಪುಟ್ಟ ಸಾಧನವಿದೆ. ಇಂಥ ದೂರು ಹೊತ್ತು ಬಂದವರಿಗೆ ನಾನು ಮೊದಲು ಓಡಿಸಲು ಹೇಳುವುದು ಅದನ್ನೇ. ಹಂಚಿಕೊಂಡ ಭಾಗಗಳನ್ನು ಪ್ರತಿ ಸಲವೂ ಎಣಿಸಿದ ಅಳತೆಯನ್ನೂ ಅದು ಬೇರೆ ಕಾಲಮಿನಲ್ಲಿ ತೋರಿಸುತ್ತದೆ. ಕಡತಗಳ ಆ ಕ್ಷಣದ ಸ್ಥಿತಿ ಹಿಡಿದಿಡುವ ಸ್ನ್ಯಾಪ್‌ಶಾಟ್ ಇಟ್ಟವರು ಅದನ್ನೂ ಓದಬೇಕು. ಹಳೆಯ ಡಿಸ್ಕಿನಲ್ಲಿ ಒಂದೇ ಪ್ರತಿಯನ್ನು ಹಂಚಿಕೊಂಡಿದ್ದ ಐದು ಸ್ನ್ಯಾಪ್‌ಶಾಟು ಆರ್‌ಸಿಂಕ್ ಕೈಯಲ್ಲಿ ಐದು ಬೇರೆ ಬೇರೆ ಪ್ರತಿಯಾಗುತ್ತವೆ.

ಕುಗ್ಗಿಸದೆ ನಕಲಿಸಿಬಿಟ್ಟೆವು, ಈಗ ಕಂಪ್ರೆಸ್ ಹಾಕಿ ಮೌಂಟ್ ಮಾಡುತ್ತೇವೆ ಅಂದರೂ ಬಂದು ಕೂತ ಕಡತ ಕುಗ್ಗುವುದಿಲ್ಲ. ಹೊಸದಾಗಿ ಬರೆಯುವುದಕ್ಕೆ ಮಾತ್ರ ಆ ಮಾತು ಅನ್ವಯ. ಡಿಫ್ರ್ಯಾಗ್ ಆಜ್ಞೆಗೆ ಝೆಡ್‌ಎಸ್‌ಟಿಡಿ ಸೇರಿಸಿ ಕುಗ್ಗಿಸಬಹುದು. ಆದರೆ ಸ್ನ್ಯಾಪ್‌ಶಾಟ್ ಇದ್ದರೆ ಅದು ಹಂಚಿಕೆಯನ್ನೇ ಮುರಿದು, ಉಳಿಸಲು ಹೋದ ಜಾಗವನ್ನು ನುಂಗುತ್ತದೆ.

ಹಾಗಾದರೆ ಇಡೀ ಡಿಸ್ಕನ್ನೇ ನಕಲಿಸುವ ಡಿಡಿ? ಜಕಾರ್ಡಿನ ರಟ್ಟಿನ ಕಾರ್ಡನ್ನು ತೂತಿಗೆ ತೂತು ನಕಲು ಹೊಡೆದಂತೆ ಅದು ಅರ್ಥ ಕೇಳದೆ ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಕುಗ್ಗಿದ್ದು ಕುಗ್ಗಿದಂತೆಯೇ ಬರುತ್ತದೆ. ಆದರೆ ಖಾಲಿ ಜಾಗವೂ ಜೊತೆಗೆ ಬರುತ್ತದೆ. ಹೊಸ ಡಿಸ್ಕು ಚಿಕ್ಕದಾದರೆ ಮೊದಲೇ ಬಿಟಿಆರ್‌ಎಫ್‌ಎಸ್ ಅನ್ನು, ಆಮೇಲೆ ಪಾರ್ಟಿಷನ್ನನ್ನು ಕಿರಿದು ಮಾಡಿರಬೇಕು. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಮ್ಯಾಪ್ ಕಡತ ಇಟ್ಟುಕೊಂಡು ನಿಂತಲ್ಲಿಂದ ಮುಂದುವರಿಯುವ ಡಿಡಿರೆಸ್ಕ್ಯೂ ಅದಕ್ಕಿಂತ ಮೇಲು.

ಇಷ್ಟೆಲ್ಲ ಆದ ಮೇಲೂ ಡಿಡಿ ಒಂದು ಮುಳ್ಳು ಬಿಟ್ಟು ಹೋಗುತ್ತದೆ. ಎರಡೂ ಡಿಸ್ಕಿಗೆ ಒಂದೇ ಯುಯುಐಡಿ, ಅಂದರೆ ಒಂದೇ ಗುರುತಿನ ಸಂಖ್ಯೆ. ಬಿಟಿಆರ್‌ಎಫ್‌ಎಸ್ ತನ್ನ ಡಿಸ್ಕುಗಳನ್ನು ಗುರುತಿಸುವುದೇ ಅದರಿಂದ. ಎರಡನ್ನೂ ಒಂದೇ ಯಂತ್ರಕ್ಕೆ ಚುಚ್ಚಿ ಮೌಂಟ್ ಮಾಡಿದರೆ ಯಾವುದು ಮೂಲ ಯಾವುದು ನಕಲು ಎಂಬುದು ಅದಕ್ಕೇ ಗೊಂದಲವಾಗಿ, ಕಡತಗಳೇ ಕೆಡಬಹುದು. ಮೂಲವನ್ನು ಕಳಚಿಟ್ಟು, ನಕಲನ್ನು ಮೌಂಟ್ ಮಾಡುವ ಮುಂಚೆ ಬಿಟಿಆರ್‌ಎಫ್‌ಎಸ್‌ಟ್ಯೂನ್‌ನಿಂದ ಹೊಸ ಯುಯುಐಡಿ ಕೊಡಬೇಕು. ಬೂಟ್ ಆಗುವ ಡಿಸ್ಕಾದರೆ ಎಫ್‌ಎಸ್‌ಟ್ಯಾಬ್, ಗ್ರಬ್ ಎರಡಕ್ಕೂ ಈ ಹೊಸ ಹೆಸರು ತಿಳಿಸಬೇಕು.

ತೈವಾನಿನ ಕ್ಲೋನ್‌ಜಿಲ್ಲಾ, ಅದರೊಳಗಿನ ಪಾರ್ಟ್‌ಕ್ಲೋನ್ ತುಂಬಿದ ಬ್ಲಾಕುಗಳನ್ನಷ್ಟೇ ಎತ್ತುತ್ತವೆ. ಒಳ್ಳೆಯ ಸಾಧನವೇ. ಆದರೆ ಡಿಸ್ಕಿನಲ್ಲಿರುವ ಬಿಟಿಆರ್‌ಎಫ್‌ಎಸ್ ಹೊಸದು, ಪೆನ್‌ಡ್ರೈವಿನಲ್ಲಿರುವ ಕ್ಲೋನ್‌ಜಿಲ್ಲಾ ಹಳೆಯದು ಆದರೆ ತಕರಾರು ಗ್ಯಾರಂಟಿ. ದೋಷ ಸಂದೇಶ ಹಿಡಿದು ತಲೆ ಕೆಡಿಸಿಕೊಳ್ಳುವ ಮೊದಲು ಹೊಸ ಆವೃತ್ತಿ ಇಳಿಸಿಕೊಳ್ಳಿ.

ನನ್ನ ಆಯ್ಕೆ ಬಿಟಿಆರ್‌ಎಫ್‌ಎಸ್ ಸೆಂಡ್, ರಿಸೀವ್ ಜೋಡಿ. ಓದಲು ಮಾತ್ರ ಬರುವ ಸ್ನ್ಯಾಪ್‌ಶಾಟ್ ತೆಗೆದು, ಕಂಪ್ರೆಸ್ ಹಾಕಿ ಮೌಂಟ್ ಮಾಡಿದ ಹೊಸ ಡಿಸ್ಕಿಗೆ ಕಳಿಸುವುದು. ಹೊಸ ಡಿಸ್ಕಿಗೆ ಅದರದೇ ಯುಯುಐಡಿ ಇರುವುದರಿಂದ ಮುಳ್ಳಿನ ಕಾಟವಿಲ್ಲ. ಹಿಂದಿನ ಸ್ನ್ಯಾಪ್‌ಶಾಟನ್ನು ಆಧಾರವಾಗಿ ಕೊಟ್ಟರೆ ಹಂಚಿಕೆಯೂ ಉಳಿಯುತ್ತದೆ. ಕರ್ನಲ್ 6.0ಕ್ಕೂ ಮುಂಚೆ ಸೆಂಡ್ ಕೂಡ ಎಲ್ಲವನ್ನೂ ಹಿಗ್ಗಿಸಿಯೇ ಕಳಿಸುತ್ತಿತ್ತು, ಅತ್ತ ಮತ್ತೆ ಕುಗ್ಗಿಸಬೇಕಿತ್ತು. ಈಗ ಎರಡನೆಯ ಪ್ರೋಟೋಕಾಲ್ ಕೇಳಿ, ಕಂಪ್ರೆಸ್ಡ್ ಡೇಟಾ ಆಯ್ಕೆ ಕೊಟ್ಟರೆ ಕುಗ್ಗಿದ್ದನ್ನು ಹಾಗೆಯೇ ಸಾಗಿಸುತ್ತದೆ. ಹಳೆಯ ಪಿಸಿಯ ಸೊರಗಿದ ಪ್ರೊಸೆಸರಿಗೆ ಇದು ದೊಡ್ಡ ಉಪಕಾರ.

ನಕಲು ಮುಗಿದ ಮೇಲೆ ಸ್ಕ್ರಬ್ ಓಡಿಸಿ. ಪ್ರತಿ ಬ್ಲಾಕಿನ ಚೆಕ್‌ಸಮ್ ಸರಿಯಿದೆಯೇ ಎಂದು ಅದು ನೋಡುತ್ತದೆಯೇ ಹೊರತು ಮೂಲದೊಂದಿಗೆ ಹೋಲಿಸುವುದಿಲ್ಲ. ಹೋಲಿಸುವ ಕೆಲಸಕ್ಕೆ ಅದೇ ಆರ್‌ಸಿಂಕ್ ಸಾಕು. ಚೆಕ್‌ಸಮ್, ಡ್ರೈ ರನ್ ಆಯ್ಕೆಗಳ ಜೊತೆಗೆ ವ್ಯತ್ಯಾಸ ಪಟ್ಟಿ ಮಾಡುವ ಆಯ್ಕೆಯನ್ನೂ ಕೊಟ್ಟು ಓಡಿಸಿದರೆ ಒಂದು ಬೈಟನ್ನೂ ಬರೆಯದೆ ಎರಡೂ ಕಡೆ ಓದಿ ನೋಡುತ್ತದೆ. ಪಟ್ಟಿಯಲ್ಲಿ ಯಾವ ಡಿಸೈನಿನ ಹೆಸರೂ ಬಾರದಿದ್ದರೆ ಹಳೆಯ ಡಿಸ್ಕನ್ನು ಬೇರೆ ಕೆಲಸಕ್ಕೆ ಹಚ್ಚಬಹುದು.