ಸೂಜಿಯ ಮೊನೆಯ ಶಾಸ್ತ್ರ

1938ರ ಜನಾಂಗೀಯ ಶಾಸನಗಳು ಯೆಹೂದಿ ವಿದ್ವಾಂಸರಿಗೆ ಇಟಲಿಯ ವಿಶ್ವವಿದ್ಯಾಲಯಗಳ ದ್ವಾರವನ್ನು ಮುಚ್ಚಿದ ಮೇಲೆ, ಟ್ಯೂರಿನ್ ನಗರದ ತಮ್ಮ ಶಯನಗೃಹವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡ ರೀಟಾ ಲೆವಿ-ಮೊಂಟಾಲ್ಚೀನಿ ಅವರ ಹಸ್ತಕೌಶಲವನ್ನು ನೆನೆದಾಗಲೆಲ್ಲ ಮನಸ್ಸು ಗೌರವದಿಂದ ತುಂಬಿಬರುತ್ತದೆ. ಹೊಲಿಗೆಯ ಸೂಜಿಯನ್ನು ಸಾಣೆಹಿಡಿದು ಶಸ್ತ್ರವಾಗಿಸಿ, ಗಡಿಯಾರ ದುರಸ್ತಿಯವರ ಚಿಮಟವನ್ನೂ ನೇತ್ರವೈದ್ಯರ ಕಿರುಗತ್ತರಿಯನ್ನೂ ಕೈಗೆತ್ತಿಕೊಂಡು, ಕೋಳಿಭ್ರೂಣದ ಅಂಗಾಂಕುರವನ್ನು ಸೂಕ್ಷ್ಮದರ್ಶಕದಡಿ ಛೇದಿಸಿ, ಬಳಿಕ ಬೆಳ್ಳಿಯ ಲವಣದಿಂದ ಬಣ್ಣಗಟ್ಟಿದ ತೆಳುಪದರಗಳಲ್ಲಿ, ಸೇರಬೇಕಾದ ಅಂಗವನ್ನು ಕಳೆದುಕೊಂಡ ನರಕೋಶಗಳು ಹುಟ್ಟಿ, ಬೆಳೆಯತೊಡಗಿ, ಅನಂತರ ಅಳಿಯುವುದನ್ನು ಅವರು ಕಂಡರು. ಕೈ ತುಸು ನಡುಗಿದರೂ ಭ್ರೂಣವುಳಿಯದಂಥ ಆ ಕಾರ್ಯವನ್ನು ಅವರು ಯುದ್ಧದ ಬಾಂಬುಗಳ ನಡುವೆಯೂ ಬಿಡಲಿಲ್ಲ.

1952ರಲ್ಲಿ, ರಿಯೋ ಡಿ ಜನೈರೋದಲ್ಲಿ, ಇಲಿಯ ಅರ್ಬುದದ ತುಣುಕಿನ ಸಮೀಪದಲ್ಲಿ, ಅದಕ್ಕೆ ತಾಗದಂತೆ ಅವರು ಇರಿಸಿದ ನರಗ್ರಂಥಿಯಿಂದ, ಒಂದು ದಿನ ತುಂಬುವಷ್ಟರಲ್ಲಿ, ಸೂರ್ಯನ ಪ್ರಭಾವಲಯದಂತೆ ತಂತುಗಳು ಎಲ್ಲ ದಿಕ್ಕಿಗೂ ಹೊಮ್ಮಿದವು. ಅರ್ಬುದದಿಂದ ಒಸರಿ ತಂತುಗಳನ್ನು ಹೊಮ್ಮಿಸಿದ ಆ ಪ್ರೇರಕದ್ರವ್ಯವೇ ಮುಂದೆ ಸ್ಟ್ಯಾನ್ಲಿ ಕೋಹೆನ್ನರ ರಸಾಯನಕೌಶಲದಿಂದ ಶುದ್ಧರೂಪದಲ್ಲಿ ದೊರೆತ ನರವರ್ಧಕ ಪ್ರೋಟೀನು. 1986ರ ನೊಬೆಲ್ ಪಾರಿತೋಷಕವು ಇಬ್ಬರಿಗೂ ಸಂದಿತು. ಉಪಕರಣಗಳ ವೈಭವವಿಲ್ಲದೆಡೆಯಲ್ಲಿಯೂ ದೃಷ್ಟಿಯ ಏಕಾಗ್ರತೆ ಮತ್ತು ಬೆರಳುಗಳ ಸಂಯಮ ಜ್ಞಾನವನ್ನು ಎಷ್ಟು ದೂರ ಕೊಂಡೊಯ್ಯಬಲ್ಲವೆಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನವನ್ನು ನಾನರಿಯೆ.