ಮಳೆ ಹಿಡಿದ ದಿನಕ್ಕೆ ಒಂದು ಹಿಡಿ ಹುಣಸೆಬೀಜ

ಚಿತ್ತಾ ಮಳೆ ಹಿಡಿದುಕೊಂಡಿತೆಂದರೆ ನಾಟ್ರಾಂಪಾಳ್ಯದ ಕಡೆ ಮಕ್ಕಳೆಲ್ಲ ಮನೆಯೊಳಗೆ. ಅಂಚೆಟ್ಟಿಯಿಂದ ಹೊಗೇನಕಲ್ ಕಡೆಗೆ ಹೋಗುವ ದಾರಿಯಲ್ಲಿರುವ, ಕಾಡು ಬೆಟ್ಟಗಳ ಸೀಮೆ ಇದು. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಮುಂಗಾರೂ ಬರುತ್ತದೆ, ಹಿಂಗಾರೂ ಬರುತ್ತದೆ. ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆಮೇಲೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ಎರಡು ಮೂರು ದಿನ ಬಿಡದ ಜಡಿಮಳೆ. ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ, ಶಾಲೆಯಿಲ್ಲ. ರಾಗಿ ತೆನೆ ಬಲಿಯುವ ಕಾಲವೂ ಅದೇ ಆದ್ದರಿಂದ ಆನೆಗಳು ಹೊಲದಂಚಿಗೆ ಇಳಿಯುತ್ತವೆ. ಹೊತ್ತು ಮಂಕಾದ ಮೇಲೆ ಮಕ್ಕಳನ್ನು ಅಂಗಳದಾಚೆ ಬಿಡಲು ಯಾವ ತಾಯಿಗೂ ಧೈರ್ಯ ಬರುವುದಿಲ್ಲ.

ಮೂರರಿಂದ ಎಂಟು ವರ್ಷದ ಮಕ್ಕಳನ್ನು ಒಂದೇ ಹಜಾರದಲ್ಲಿ ಬೆಳಗಿನಿಂದ ಸಂಜೆವರೆಗೆ ಹಿಡಿದಿಡುವುದು ಸಣ್ಣ ಕೆಲಸವಲ್ಲ. ಫೋನ್ ಕೈಗೆ ಕೊಟ್ಟರೆ ಸುಮ್ಮನಾಗುತ್ತಾರೆ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಕೂಡದು. ಮಳೆಯ ದಿನದಲ್ಲಿ ಆ ಒಂದು ಗಂಟೆ ಬೆಳಗಿನ ತಿಂಡಿಗೆ ಮೊದಲೇ ಮುಗಿದುಹೋಗುತ್ತದೆ. ಉಳಿದ ಹೊತ್ತಿಗೆ ನಾನು ಹೇಳುವ ಸಾಮಾನು ಮೂರೇ: ಒಂದು ಹಿಡಿ ಹುಣಸೆಬೀಜ, ಒಂದು ತುಂಡು ಸೀಮೆಸುಣ್ಣ, ಪಕ್ಕದಲ್ಲಿ ಕೂರುವ ಒಬ್ಬ ಹಿರಿಯರು. ಮೊದಲ ಎರಡು ಸುಲಭ. ಮೂರನೆಯದಕ್ಕಾಗಿಯೇ ಈ ವಾರದ ಬರಹ.

ಹುಣಸೆಬೀಜಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವಾಗ ಒಂದಿಷ್ಟನ್ನು ತೊಳೆದು ಒಣಗಿಸಿ ಡಬ್ಬಿಗೆ ಹಾಕಿಟ್ಟರೆ ಮಳೆಗಾಲಕ್ಕೆ ಸಾಕು. ಜೊತೆಗೊಂದು ಎಚ್ಚರಿಕೆ. ಮೂರು ವರ್ಷದೊಳಗಿನ ಮಗು ಬೀಜವನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತದೆ, ಹಾಗಾಗಿ ಅದರ ಕೈಗೆ ಕೊಡಲೇಬಾರದು. ಗುಲಗಂಜಿ ನೋಡಲು ಎಷ್ಟೇ ಚೆಂದವಿದ್ದರೂ ಯಾವ ವಯಸ್ಸಿನ ಮಗುವಿಗೂ ಬೇಡ, ಅದು ವಿಷದ ಕಾಳು.

ಈಗ ಅಳಗುಳಿ ಮಣೆ. ಮಳೆಯ ದಿನದ ಆಟಗಳಲ್ಲಿ ನಾನು ಮೊದಲ ಮಣೆ ಹಾಕುವುದು ಇದಕ್ಕೇ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು ಹದಿನಾಲ್ಕು. ಗುಳಿಗೆ ಐದರಂತೆ ಎಪ್ಪತ್ತು ಬೀಜ. ನಮ್ಮ ಸಾಲಿನ ಯಾವುದಾದರೂ ಗುಳಿಯ ಬೀಜವನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಬಿತ್ತಬೇಕು. ಮುಂದಿನ ಗುಳಿ ಖಾಲಿಯಿದ್ದರೆ ಅದನ್ನು ಬೆರಳಲ್ಲಿ ಸವರಿ, ಅದರಾಚೆಯ ಗುಳಿಯಲ್ಲಿ ಇದ್ದಷ್ಟೂ ನಮ್ಮದು. ಸಾಲಾಗಿ ಎರಡು ಗುಳಿ ಖಾಲಿಯಿದ್ದರೆ ಏನೂ ಸಿಗದು, ಆಟ ಎದುರಿನವರಿಗೆ. ತಮಿಳರು ಪಲ್ಲಾಂಗುಳಿ ಎನ್ನುವ ಇದೇ ಆಟದಲ್ಲಿ ನಾಲ್ಕು ಕಾಳು ಕೂಡಿದ ಗುಳಿ ‘ಪಸು’. ಅದು ಯಾರ ಸಾಲಿನಲ್ಲಿದೆಯೋ ಅವರು ಕೂಡಲೇ ಎತ್ತಿಕೊಳ್ಳಬಹುದು. ಫಿಲಿಪ್ಪೀನ್ಸಿನಲ್ಲಿ ಇದರ ದಾಯಾದಿ ಸುಂಗ್ಕಾ, ಘಾನಾದಲ್ಲಿ ಒವಾರೆ, ಜಾಂಜಿಬಾರಿನಲ್ಲಿ ಬಾವೊ.

ಮಣೆ ಇಲ್ಲದಿದ್ದರೂ ನಡೆಯುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಸುತ್ತುಗಳನ್ನು ಬರೆದರೆ ಆಯಿತು, ಮೊಟ್ಟೆ ಇಡುವ ಟ್ರೇ ಆದರೆ ಇನ್ನೂ ಚೆನ್ನ. ನಾಲ್ಕೈದು ವರ್ಷದ ಮಗುವಿಗೆ ಏಳು ಗುಳಿ ಹೆಚ್ಚಾಗುತ್ತದೆ; ಸಾಲಿಗೆ ನಾಲ್ಕೇ ಗುಳಿ, ಗುಳಿಗೆ ಮೂರೇ ಬೀಜ ಇಟ್ಟು ಶುರುಮಾಡಿ. ಒಂದು ಗುಳಿಗೆ ಒಂದೇ ಬೀಜ ಎನ್ನುವುದು ಬೆರಳಿಗೆ ರೂಢಿಯಾಗುವುದೇ ಎಣಿಕೆಯ ಮೊದಲ ಪಾಠ. ಒಂದು, ಎರಡು ಎಂದು ಬಾಯಿಪಾಠ ಒಪ್ಪಿಸುವ ಎಷ್ಟೋ ಮಕ್ಕಳು ಗುಳಿಗಳ ಮೇಲೆ ಕೈಯಾಡಿಸುವಾಗ ತಡವರಿಸುತ್ತಾರೆ. ಎರಡು ದಿನ ಆಡಿದರೆ ಆ ತಡವರಿಕೆ ಹೋಗಿ, ಬೀಜ ಎತ್ತುವ ಮೊದಲೇ ಎಲ್ಲಿಗೆ ಮುಟ್ಟುತ್ತದೆಂದು ಕಣ್ಣಲ್ಲೇ ಅಳೆಯಲು ಕಲಿಯುತ್ತಾರೆ. ಆ ಅಳತೆಯ ಹೊತ್ತಿನಲ್ಲಿ ಮಗುವಿನ ಮುಖ ನೋಡಬೇಕು. ಹಿರಿಯರು ಅವಸರಪಡಿಸದೆ ಸುಮ್ಮನಿರಬೇಕಾದದ್ದೂ ಆಗಲೇ.

ಮಳೆಗೂ ಈ ಆಟಕ್ಕೂ ನಂಟು ಹಳೆಯದು. ತುಳುನಾಡಿನಲ್ಲಿ ಇದೇ ಬಗೆಯ ಚೆನ್ನೆಮಣೆಯನ್ನು ಅಟ್ಟದಿಂದ ಇಳಿಸುವುದು ಆಟಿ ತಿಂಗಳಲ್ಲಿ, ಹೊರಗೆ ಕಾಲಿಡಲಾಗದಷ್ಟು ಮಳೆ ಸುರಿಯುವ ದಿನಗಳಲ್ಲಿ. ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು ಎಂಬ ಮಾತೂ ಅಲ್ಲಿದೆ. ಸಿರಿ ಪಾಡ್ದನದ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆ ಆಡುತ್ತ ಜಗಳವಾಗಿ ಪ್ರಾಣ ಕಳೆದುಕೊಂಡ ಕಥೆಯ ನೆನಪು ಅದು. ಆ ಕಟ್ಟಳೆಯನ್ನು ನಾನು ಮೂಢನಂಬಿಕೆ ಎಂದು ತಳ್ಳಿಹಾಕುವುದಿಲ್ಲ. ಮಳೆಗೆ ಸಿಕ್ಕಿ ಮೂರು ದಿನ ಒಂದೇ ಕೋಣೆಯಲ್ಲಿರುವ ಒಡಹುಟ್ಟಿದವರನ್ನು ಎದುರಾಳಿಗಳಾಗಿ ಕೂರಿಸಿದರೆ ಸಂಜೆಯೊಳಗೆ ಜಗಳ ಖಂಡಿತ. ಅಣ್ಣ ತಂಗಿಯರನ್ನು ಒಂದೇ ಕಡೆ ಕೂರಿಸಿ, ಎದುರಿಗೆ ಅಜ್ಜಿ ಕೂರಲಿ. ಅಜ್ಜಿಯನ್ನು ಸೋಲಿಸಲು ಇಬ್ಬರೂ ಕಿವಿಯಲ್ಲಿ ಪಿಸುಗುಟ್ಟಿಕೊಂಡು ಉಪಾಯ ಹೂಡುತ್ತಾರೆ. ಆದರೆ ಅಜ್ಜಿ ಬೇಕೆಂದೇ ಸೋಲಬಾರದು. ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ, ಗೊತ್ತಾದ ಮೇಲೆ ಆಟದ ರುಚಿ ಕೆಡುತ್ತದೆ.

ಆರು ತುಂಬಿದವರಿಗೆ ಚೌಕಾಬಾರ. ಐದು ಮನೆ ಉದ್ದ, ಐದು ಮನೆ ಅಗಲ. ನಾಲ್ಕು ಬದಿಯ ನಡುಮನೆಗೂ ನಟ್ಟನಡುವಿನ ಮನೆಗೂ ಕತ್ತರಿ ಗುರುತು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ತಿಕ್ಕಿ ಬಿಳಿ ಮಾಡಬೇಕು. ಇದನ್ನು ಮಕ್ಕಳಿಗೇ ಬಿಡಿ. ಒಂದು ಬೀಜ ತಿಕ್ಕಿ ಸವೆಸಲು ಎಷ್ಟು ಹೊತ್ತು ಹಿಡಿದರೂ ಅವರಿಗೆ ಬೇಸರವಿಲ್ಲ. ತಿಕ್ಕಿದ ಬೀಜ ಬಿಸಿಯಾಗುತ್ತದೆ, ಅದನ್ನು ಪಕ್ಕದವರ ತೋಳಿಗೆ ಮುಟ್ಟಿಸುವ ತುಂಟತನಕ್ಕೂ ತಯಾರಾಗಿರಿ. ನಾಲ್ಕೂ ಬೆಳ್ಳಗೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು, ಇವೆರಡಕ್ಕೂ ಇನ್ನೊಂದು ಸಲ ಹಾಕುವ ಹಕ್ಕು. ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ಹದಿನಾರು ಸಲಕ್ಕೆ ಆರು ಸಲ ಎರಡು ಬೀಳಬೇಕು, ಎಂಟು ಬೀಳುವುದು ಒಂದೇ ಸಲ. ಎಂಟು ಬಿದ್ದಾಗ ಮನೆಯೆಲ್ಲ ಕಿರುಚಾಡುವುದಕ್ಕೆ ಕಾರಣ ಇದು. ಎರಡನೇ ತರಗತಿಯ ಮಗುವಿಗೆ ಒಂದು ಕಾಗದ ಕೊಟ್ಟು ಬಿದ್ದದ್ದನ್ನೆಲ್ಲ ಗೀಟು ಹಾಕಿ ಎಣಿಸಲು ಹೇಳಿ. ಸಂಜೆ ಹೊತ್ತಿಗೆ ಆ ಲೆಕ್ಕ ತಾನಾಗಿ ಹೊರಬರುತ್ತದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಮಣೆಯಾಟಗಳಲ್ಲಿ ಮುಳುಗಿ ಹೊಸ ಆಟಗಳನ್ನೂ ಹೆಣೆದವರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳ ವಿವರವಿದೆ. ಅರಸರು ಆಡಿದ್ದನ್ನು ನಮ್ಮ ಜಗುಲಿಯಲ್ಲೂ ಆಡಬಹುದು ಎನ್ನುವುದು ಈ ಆಟಗಳ ದೊಡ್ಡತನ. ಮೂರು ಹುಲಿ, ಹದಿನೈದು ಆಡಿನ ಆಡುಹುಲಿ ಆಟ ಅಳಗುಳಿ, ಚೌಕಾಬಾರ ಎರಡಕ್ಕಿಂತಲೂ ಗಟ್ಟಿ, ಅದು ಎಂಟರ ಮೇಲಿನವರದು. ಅದರ ಬಗ್ಗೆ ಬೇರೆಯೇ ಒಂದು ವಾರ ಬರೆಯುತ್ತೇನೆ.

ಚಿಕ್ಕವರಿಗೆ ಆಟಕ್ಕಿಂತ ಕೆಲಸವೇ ಇಷ್ಟ. ಇದನ್ನು ನಗರದ ಪೋಷಕರು ನಂಬುವುದು ಕಷ್ಟ, ಹಳ್ಳಿಯವರು ಮರೆತಿದ್ದಾರೆ. ಡಿಸೆಂಬರಿನ ತುಂತುರಿನಲ್ಲಿ ಅವರೆಕಾಯಿ ಮನೆಗೆ ಬಂದಾಗ ಕಾಯಿ ಸುಲಿಯಲು ಮೂರೂವರೆ ವರ್ಷದ ಮಗುವನ್ನೂ ಕೂರಿಸಿಕೊಳ್ಳಿ. ಕಣ್ಣು ಮಾತ್ರ ಅದರ ಕೈಬಾಯಿ ಮೇಲಿರಲಿ. ನೆನೆಸಿದ ಕಾಳನ್ನು ಹಿದುಕಿದಾಗ ಬೇಳೆ ಸಿಪ್ಪೆಯಿಂದ ಚಿಮ್ಮಿ ಬೀಳುತ್ತದಲ್ಲ, ಅದಕ್ಕಿಂತ ಹೆಚ್ಚಿನ ಸಂತೋಷ ಅಂಗಡಿಯ ಯಾವ ಆಟಿಕೆಯಲ್ಲೂ ಇಲ್ಲ. ಹಿದುಕಿದ ಬೇಳೆ ಸಾರು ರಾತ್ರಿ ತಟ್ಟೆಗೆ ಬಂದಾಗ ‘ಇದು ನಾನು ಹಿದುಕಿದ್ದು’ ಎಂದು ಹೇಳಿಕೊಂಡು ಉಣ್ಣುತ್ತಾರೆ. ಒಂದು ಮೊರದಲ್ಲಿ ರಾಗಿ, ಹುರುಳಿ, ತೊಗರಿ ಬೆರೆಸಿ ಬೇರ್ಪಡಿಸಲು ಕೊಡಿ. ಮುದ್ದೆ ಕಟ್ಟುವಾಗ ಆರಿದ ಒಂದು ತುತ್ತನ್ನು ಕೈಗಿಟ್ಟು ಹಸು, ಕೋಳಿ, ಆನೆ ಮಾಡಿಸಿ. 1939ರಲ್ಲಿ ಮದ್ರಾಸಿಗೆ ಬಂದು ಯುದ್ಧಕಾಲದಲ್ಲಿ ಕೊಡೈಕನಾಲಿನಲ್ಲಿ ನೆಲೆಸಿದ್ದ ಮಾರಿಯಾ ಮಾಂಟೆಸರಿ ಮಕ್ಕಳಿಗೆ ಕೊಡಿಸಿದ್ದು ಇಂಥ ಕೆಲಸಗಳನ್ನೇ: ಕಾಳು ಸುರಿಯುವುದು, ಬೇರ್ಪಡಿಸುವುದು, ಒರೆಸುವುದು. ಆ ಹೆಸರಿನ ಶಾಲೆಗಳಲ್ಲಿ ದುಡ್ಡು ಕೊಟ್ಟು ಕಲಿಸುವುದು ನಾಟ್ರಾಂಪಾಳ್ಯದ ಅಡುಗೆಮನೆಯಲ್ಲಿ ಮೊರದ ಮೇಲೆಯೇ ಇದೆ.

ಮಳೆಯನ್ನೇ ಆಟವಾಗಿಸುವುದು ನನ್ನ ಇನ್ನೊಂದು ಮೆಚ್ಚಿನ ದಾರಿ. ಕಾವೇರಿಯ ನೀರನ್ನು ಕೇಂದ್ರ ಜಲ ಆಯೋಗ ಅಳೆಯುವ ಬಿಳಿಗುಂಡ್ಲು ಈ ಸೀಮೆಯದೇ; 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆಂದು ನಿಗದಿ ಮಾಡಿದ 177.25 ಟಿಎಂಸಿ ಲೆಕ್ಕವಾಗುವುದು ಅಲ್ಲಿ. ಎರಡು ರಾಜ್ಯಗಳ ಕಣ್ಣು ನೆಟ್ಟಿರುವ ಅಳತೆ ಪಕ್ಕದಲ್ಲೇ ನಡೆಯುವಾಗ ಇಲ್ಲಿನ ಮಕ್ಕಳೂ ಒಂದು ಅಳತೆ ಇಟ್ಟುಕೊಳ್ಳಲಿ. ಗೋಡೆ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ದೊಡ್ಡವರು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿದರೆ ಆಲಿಕೆಯಾಯಿತು. ತಳ ಉಬ್ಬುತಗ್ಗಾಗಿರುವುದರಿಂದ ನೇರ ಗೋಡೆ ಶುರುವಾಗುವವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಎಂದು ಗೆರೆ ಎಳೆಯಬೇಕು. ಮೇಲಕ್ಕೆ ಮಿಲಿಮೀಟರಿನ ಗೆರೆಗಳು. ಸೂರಿನ ಹನಿ, ಮರದ ಹನಿ ಬೀಳದ ಬಯಲಿನಲ್ಲಿ ಇಟ್ಟಿಗೆಗಳ ನಡುವೆ ಅದನ್ನು ನಿಲ್ಲಿಸಿ. ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಓದುವುದು ಬೆಳಗ್ಗೆ ಎಂಟೂವರೆಗೆ. ನಮ್ಮ ಮಕ್ಕಳೂ ಅದೇ ಹೊತ್ತಿಗೆ ಓದಿ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡಲಿ. ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆಯ ಗೆರೆಗೆ ಇಳಿಸಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಈ ಲೆಕ್ಕ ತಿಳಿದ ಮಗು ಅಂಗಳಕ್ಕೆ ಎಷ್ಟು ಕೊಡ ನೀರು ಬಿತ್ತು ಎಂದು ತಾತನಿಗೆ ಹೇಳಬಲ್ಲದು. 2024ರ ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತದ ಮಳೆ ಇದೇ ಜಿಲ್ಲೆಯ ಊತ್ತಂಗರೈಯಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂಟಿಮೀಟರ್ ಬಿತ್ತು. ಶಾಲೆಯ ಸ್ಕೇಲು 30 ಸೆಂಟಿಮೀಟರಿನದು. ಅದನ್ನು ಗೋಡೆಗೆ ಹಿಡಿದು, ಮೇಲೆ ಇನ್ನೂ ಇಷ್ಟು ಎಂದು ತೋರಿಸಿದರೆ ಮಕ್ಕಳ ಕಣ್ಣು ಅರಳುತ್ತದೆ.

ಕರೆಂಟು ಹೋದ ಸಂಜೆ ಗೋಡೆಯೇ ರಂಗ. ರಟ್ಟಿನಲ್ಲಿ ಆನೆ, ಮೊಲ, ಮನುಷ್ಯ ಕತ್ತರಿಸಿ ಪೊರಕೆಕಡ್ಡಿಗೆ ಅಂಟಿಸಿ ಟಾರ್ಚಿನ ಮುಂದೆ ಹಿಡಿಯಿರಿ. ಬೊಂಬೆ ಬೆಳಕಿನ ಹತ್ತಿರ ಬಂದಷ್ಟೂ ನೆರಳು ಹಿಗ್ಗುತ್ತದೆ, ಗೋಡೆಯ ಹತ್ತಿರ ಹೋದಷ್ಟೂ ಕುಗ್ಗಿ ಚೂಪಾಗುತ್ತದೆ. ಮೊಲಕ್ಕಿಂತ ಆನೆಯನ್ನು ಚಿಕ್ಕದು ಮಾಡಬಹುದೆಂದು ಮಗು ತಾನೇ ಕಂಡುಹಿಡಿಯಲಿ, ನೀವು ಹೇಳಿಕೊಡಬೇಡಿ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ಇಳಿವಯಸ್ಸಿನಲ್ಲಿ, 2025ರಲ್ಲಿ, ತೊಗಲುಗೊಂಬೆಗಾಗಿ ಪದ್ಮಶ್ರೀ ಪಡೆದರು. ಅವರ ಆಟದ ಮೂಲವೂ ಇಷ್ಟೇ: ಒಂದು ದೀಪ, ಒಂದು ಪರದೆ, ಬೊಂಬೆಯ ಹಿಂದೆ ಕಥೆ ಹೇಳುವ ದನಿ.

ಈ ದನಿಯ ಮಾತು ನಾಟ್ರಾಂಪಾಳ್ಯದ ಕನ್ನಡದ ಮನೆಗಳಿಗೆ ಬೇರೆ ಊರುಗಳಿಗಿಂತ ಹೆಚ್ಚು ಮುಖ್ಯ. ತಮಿಳುನಾಡಿನ 2006ರ ಕಾಯ್ದೆಯಂತೆ ಶಾಲೆಯಲ್ಲಿ ತಮಿಳು ಕಲಿಯಲೇಬೇಕು. ಕಲಿಯಲಿ, ಬದುಕಿಗೂ ನೆರೆಹೊರೆಗೂ ಅದು ಬೇಕು. ಆದರೆ ಅಕ್ಷರ, ಪುಸ್ತಕ, ಟಿವಿ ಎಲ್ಲ ಒಂದು ಭಾಷೆಯಲ್ಲಿ ನಡೆದರೆ ಮನೆಯ ಕನ್ನಡ ‘ಊಟಕ್ಕೆ ಬಾ’, ‘ಸುಮ್ನಿರು’ ಎನ್ನುವಷ್ಟಕ್ಕೆ ನಿಂತುಬಿಡುತ್ತದೆ. ಮಳೆಯ ರಜೆಯೆಂದರೆ ಬೆಳಗಿನಿಂದ ಮಲಗುವವರೆಗೆ ಕನ್ನಡ ಕೇಳಿಸುವ ಅಪರೂಪದ ದಿನ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಪದ್ಯಗಳು ಗೊತ್ತಿದ್ದವರು ಹೇಳಿಕೊಡಿ. ಗೊತ್ತಿಲ್ಲದವರಿಗೆ ಒಗಟಿದೆ. ಹಳೆಯ ಒಗಟುಗಳು ಮುಗಿದ ಮೇಲೆ ಮನೆಯಲ್ಲಿರುವ ಒಂದೊಂದು ವಸ್ತುವಿನ ಮೇಲೆ ಮಕ್ಕಳೇ ಹೊಸದು ಕಟ್ಟಲಿ. ‘ಹೊರಗೆ ಹೋದರೆ ಅರಳುತ್ತೆ, ಒಳಗೆ ಬಂದರೆ ಮೂಲೇಲಿ ನಿಂತು ಅಳುತ್ತೆ’: ಕೊಡೆಯ ಮೇಲೆ ಕಟ್ಟಿದ ಇಂಥ ಒಂದು ಒಗಟಿಗೆ ಮಗು ನೂರು ಕನ್ನಡ ಪದಗಳನ್ನು ತಡಕಾಡಿರುತ್ತದೆ.

ಎಲ್ಲವನ್ನೂ ಒಂದೇ ದಿನ ಮಾಡಿಸಬೇಡಿ. ಒಂದು ಆಟ, ಒಂದು ಕೆಲಸ, ರಾತ್ರಿಗೊಂದು ಕಥೆ ಸಾಕು. ನಡುವೆ ಮಗು ಸುಮ್ಮನೆ ಕಿಟಕಿಯಲ್ಲಿ ಕೂತು ಮಳೆ ನೋಡಿದರೆ ಎಬ್ಬಿಸಬೇಡಿ. ಹನಿ ನಿಂತ ಕೂಡಲೇ ಅಂಗಳಕ್ಕೆ ಬಿಡಿ, ಕೆಸರಾದರೆ ತೊಳೆಯಬಹುದು.

ಅಳಗುಳಿ ಆಟದ ನಿಯಮ ಊರಿಗೊಂದು, ಕೆಲವು ಕಡೆ ಮನೆಗೊಂದು. ಅಂಚೆಟ್ಟಿ, ತಳಿ, ಡೆಂಕಣಿಕೋಟೆ, ಹೊಸೂರು ಕಡೆಯ ಓದುಗರು ತಮ್ಮ ಅಜ್ಜಿಯನ್ನು ಕೇಳಿ, ಅವರು ಹೇಳಿದಂತೆಯೇ ನಾಲ್ಕು ಸಾಲು ಬರೆದು ಊರಿನ ಹೆಸರು ಸಮೇತ ಈ ಅಂಕಣಕ್ಕೆ ಕಳಿಸಿಕೊಡಿ. ಕೇಳಲು ಮಳೆಗಾಲ ಮುಗಿಯುವವರೆಗೆ ಕಾಯಬೇಡಿ.